ಹನ್ನೊಂದು ಪೀಲರ್, ಒಂದು ಕತ್ತರಿ

ತಪ್ಪು ನನ್ನದೇ. ಇದನ್ನು ಮೊದಲೇ ಒಪ್ಪಿಕೊಂಡರೆ ಉಳಿದದ್ದನ್ನು ಹೇಳುವುದು ಸುಲಭ. ಅಮ್ಮನ ಎದುರು ಕೂತು, ಬಿಸಿ ಚಪಾತಿಗೆ ಕೈಚಾಚಿದ ಖುಷಿಯಲ್ಲಿ, ಪೆಟ್ಟಿಗೆಯಲ್ಲಿ ಇನ್ನೂ ಒಂದೂವರೆ ಕೇಜಿ ಜಾಗ ಖಾಲಿ ಇದೆ ಎಂದು ಬಾಯಿಬಿಟ್ಟವನು ನಾನು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಅನ್ನುತ್ತಾರಲ್ಲ, ಆ ಗಾದೆಗೆ ಇನ್ನು ಮೇಲೆ ನನ್ನ ಹೆಸರನ್ನೇ ಇಡಬಹುದು. ವಿಷ್ಣು, ವಯಸ್ಸು ಮೂವತ್ತೇಳು, ಪೀಣ್ಯದ ವಾಲ್ವ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್.

ಪೆಟ್ಟಿಗೆಯ ಕಥೆ ಶುರುವಾದದ್ದು ನನ್ನ ಹೆಂಡತಿ ಭಾವನಾಳ ಕತ್ತರಿಯಿಂದ. ಅವಳು ಪೀಣ್ಯ ಎರಡನೇ ಹಂತದ ಒಂದು ಗಾರ್ಮೆಂಟ್ಸ್‌ನಲ್ಲಿ ಸ್ಯಾಂಪಲ್ ಕಟಿಂಗ್ ಮಾಡುತ್ತಾಳೆ. ಹೊರದೇಶದ ಗಿರಾಕಿಗೆ ತೋರಿಸುವ ಮೊದಲ ಉಡುಪು ಇರುತ್ತದಲ್ಲ, ಅದರ ಬಟ್ಟೆಯನ್ನು ಕೈಯಿಂದ ಕತ್ತರಿಸುವುದು ಅವಳ ಕೆಲಸ. ಮತ್ತು ಅವಳು ಎಡಚಿ. ಎಂಟು ವರ್ಷದಿಂದ ಬಲಗೈಯವರ ಕತ್ತರಿಯನ್ನು ಎಡಗೈಯಲ್ಲಿ ಹಿಡಿದು ಹಿಡಿದು ಹೆಬ್ಬೆರಳ ಬುಡದಲ್ಲಿ ಆಣಿ ಎದ್ದಿದೆ. ಬಲಗೈ ಕತ್ತರಿ ಎಡಗೈಗೆ ಸಿಕ್ಕರೆ ಅದರ ಅಲಗುಗಳು ಒಂದಕ್ಕೊಂದು ಒತ್ತುವುದಿಲ್ಲ, ದೂರ ಸರಿಯುತ್ತವೆ. ಹಾಕಿದ ಗೆರೆ ಕಾಣುವುದಿಲ್ಲ. ಕಾಟನ್ ಬಟ್ಟೆಯಾದರೆ ಹೇಗೋ ಸುಧಾರಿಸಬಹುದು. ಸ್ಯಾಟಿನ್ ಬಂದರೆ ಮುಗಿಯಿತು, ಕತ್ತರಿ ಅದನ್ನು ಕತ್ತರಿಸದೆ ಅಗಿಯುತ್ತದೆ.

ಅಲ್ಲಿಯ ಕಟಿಂಗ್ ಮಾಸ್ಟರ್ ರಾಮಾಂಜಿನಪ್ಪನವರು ಆ ತಿಂಗಳ ಕೊನೆಗೆ ಕೆಲಸ ಬಿಡುವವರಿದ್ದರು. ಅವರ ಜಾಗಕ್ಕೆ ಇಬ್ಬರ ಹೆಸರಿತ್ತು, ಒಂದು ಭಾವನಾಳದ್ದು, ಇನ್ನೊಂದು ತಿರುಪ್ಪೂರಿನಿಂದ ಬಂದವನೊಬ್ಬನದ್ದು. ಇಪ್ಪತ್ತಾರನೇ ತಾರೀಕು ಮಧ್ಯಾಹ್ನ ಎರಡು ಗಂಟೆಗೆ ಇಬ್ಬರೂ ಸ್ಯಾಟಿನ್ ಗೌನು ಕತ್ತರಿಸಿ ತೋರಿಸಬೇಕು, ಯಾರದು ಅಚ್ಚುಕಟ್ಟೋ ಅವರು ಮಾಸ್ಟರ್ ಎಂದು ಮ್ಯಾನೇಜರ್ ಹೇಳಿದ್ದರು. ಆ ಇಡೀ ರಸ್ತೆಯ ಕಾರ್ಖಾನೆಗಳಲ್ಲಿ ಹೆಂಗಸು ಮಾಸ್ಟರ್ ಆದದ್ದು ಯಾರಿಗೂ ನೆನಪಿರಲಿಲ್ಲ. ಭಾವನಾಗೆ ಆ ಮಾಸ್ಟರ್ ಮೇಜು ಬೇಕಿತ್ತು. ಎಷ್ಟು ಬೇಕಿತ್ತೆಂದರೆ ಅವಳು ಅದರ ಬಗ್ಗೆ ಮಾತನ್ನೇ ಆಡುತ್ತಿರಲಿಲ್ಲ.

ಎಡಗೈಯವರ ಕತ್ತರಿ ಹೊರದೇಶದ ಒಂದು ಅಂಗಡಿಯಲ್ಲಿ ಸಿಗುತ್ತಿತ್ತು, ಆದರೆ ಅವರು ಇಂಡಿಯಾಕ್ಕೆ ಕಳಿಸುತ್ತಿರಲಿಲ್ಲ. ಇದಕ್ಕೂ ದಾರಿ ಇದೆ. ದುಡ್ಡು ಕಟ್ಟಿದರೆ ಅಮೆರಿಕದ ತಮ್ಮ ಗೋದಾಮಿನಲ್ಲಿ ನಮ್ಮ ಹೆಸರಿಗೊಂದು ವಿಳಾಸ ಕೊಡುವ ಕಂಪನಿಗಳಿವೆ. ನಾವು ಕೊಂಡದ್ದೆಲ್ಲ ಆ ವಿಳಾಸಕ್ಕೆ ಹೋಗುತ್ತದೆ, ಅವರು ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ತುಂಬಿ ನಮಗೆ ಕಳಿಸುತ್ತಾರೆ. ಅಪ್ಪ ಆ ವಿಳಾಸವನ್ನು ಡೈರಿಯಲ್ಲಿ ಬರೆದುಕೊಂಡರು. ಮರುದಿನ ಪಾರ್ಕಿನ ಗೆಳೆಯರಿಗೆ, ನಮಗೆ ಅಮೆರಿಕದಲ್ಲೂ ಒಂದು ಅಡ್ರೆಸ್ ಆಯ್ತು ಎಂದು ಹೇಳಿ ಬಂದರು. ಯಾರೋ ಬಾಡಿಗೆ ಎಷ್ಟು ಬರುತ್ತೆ ಎಂದು ಕೇಳಿದರಂತೆ.

ನಮ್ಮಪ್ಪ ಜಯಸಿಂಹ, ಸರ್ಕಾರಿ ಕಾರ್ಖಾನೆಯ ಸ್ಟೋರ್ಸಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು. ಗೇಟ್ ಪಾಸ್ ಇಲ್ಲದೆ ಒಂದು ಮೊಳೆಯೂ ಹೊರಗೆ ಹೋಗಬಾರದು ಎಂಬುದು ಅವರ ಧರ್ಮ. ಬಾಗಲಗುಂಟೆಯ ನಮ್ಮ ಮನೆಯಲ್ಲೂ ಅವರ ಸ್ಕ್ರೂಡ್ರೈವರ್ ಬೇಕಾದರೆ ಪುಸ್ತಕದಲ್ಲಿ ಬರೆದು ತೆಗೆದುಕೊಳ್ಳಬೇಕು. ಹಾಗಾಗಿ ಪಾರ್ಸೆಲ್ಲಿನ ಕಾಗದಪತ್ರದ ಉಸ್ತುವಾರಿ ಅವರದ್ದೇ ಆಯಿತು. ಪೆಟ್ಟಿಗೆ ಯಾರ ಹೆಸರಿನಲ್ಲಿ ಬರುತ್ತದೋ ಅವರ ಆಧಾರ್, ಪ್ಯಾನ್ ಎರಡೂ ತಾಳೆಯಾಗಬೇಕು. ಭಾವನಾಳ ಆಧಾರಿನಲ್ಲಿ ಇನ್ನೂ ತವರಿನ ವಿಳಾಸ. ನನ್ನ ಎರಡು ಕಾರ್ಡುಗಳಲ್ಲಿ ನನಗೆ ಎರಡು ಇನಿಷಿಯಲ್. ಮನೆಯಲ್ಲಿ ಎಲ್ಲವೂ ತಾಳೆಯಾಗುವ ಒಬ್ಬರೇ ಒಬ್ಬರು ಅಮ್ಮ, ಯಾಕೆಂದರೆ ಅವರ ಕಾಗದವನ್ನು ಅಪ್ಪ ಸರಿ ಮಾಡಿಸಿದ್ದರು. ಹೀಗೆ ಪೆಟ್ಟಿಗೆ ನಮ್ಮಮ್ಮ ಸುಬ್ಬಲಕ್ಷ್ಮಿಯ ಹೆಸರಿಗಾಯಿತು. ಅಮ್ಮ ಮೂರು ದಿನ ಇದನ್ನು ಫೋನಿನಲ್ಲಿ ಎಲ್ಲರಿಗೂ ಹೇಳಿದರು.

ಅಷ್ಟರಲ್ಲಿ ನಾನು ಬಾಯಿಬಿಟ್ಟೆ. ಕತ್ತರಿ ಅರ್ಧ ಕೇಜಿಯೂ ಇಲ್ಲ, ಆದರೆ ಎರಡು ಕೇಜಿಯವರೆಗೂ ಸಾಗಣೆಯ ಖರ್ಚು ಒಂದೇ ಎಂದುಬಿಟ್ಟೆ. ಅಮ್ಮ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದರು. ಜಾತ್ರೆ ಬಸ್ಸಿನಲ್ಲಿ ಖಾಲಿ ಸೀಟು ಕಂಡವರ ಮುಖ ಅದು.

ಅಪ್ಪನಿಗೆ ಎಪ್ಪತ್ತು ತುಂಬುತ್ತಿತ್ತು. ಆ ಮೂವತ್ತನೇ ತಾರೀಕು ಭೀಮರಥ ಶಾಂತಿ ಇಟ್ಟುಕೊಂಡಿದ್ದೆವು. ಬಂದ ಹೆಂಗಸರಿಗೆ ತಾಂಬೂಲದ ಜೊತೆ ಏನಾದರೊಂದು ಕೊಡಬೇಕು. ಕಳೆದ ವರ್ಷ ವೇಣಿ ಚಿಕ್ಕಮ್ಮ, ಅಂದರೆ ಅಮ್ಮನ ವಾರಗಿತ್ತಿ, ಮೊಮ್ಮಗನ ಉಪನಯನದಲ್ಲಿ ದುಬೈಯಿಂದ ತರಿಸಿದ ಚಮಚದ ಸೆಟ್ಟು ಹಂಚಿ, ಇದು ಇಲ್ಲಿ ಸಿಗಲ್ಲ ಅಕ್ಕ ಎಂದು ಒಬ್ಬೊಬ್ಬರಿಗೂ ಹೇಳಿದ್ದರು. ಅಮ್ಮನಿಗೂ ಎರಡು ಸಲ ಹೇಳಿದ್ದರು. ಆ ಚಮಚಗಳನ್ನು ಅಮ್ಮ ಇವತ್ತಿಗೂ ಡಬ್ಬಿಯಿಂದ ತೆಗೆದಿಲ್ಲ.

ಸರಿ, ನನ್ನ ಫೋನಿನಲ್ಲಿ ಅದೇ ಅಂಗಡಿಯ ಚಿತ್ರಗಳನ್ನು ನೋಡುತ್ತ ಅಮ್ಮ ಸಿಪ್ಪೆ ಹೆರೆಯುವ ಒಂದು ಪೀಲರ್ ಆರಿಸಿದರು. ಹಲಸಿನ ಮರದ ಬಣ್ಣದ ಹಿಡಿ, ಚಾಕುವಿನಂತೆ ಹಿಡಿಯುವಂಥದ್ದು, ನೋಡಲು ನಿಜಕ್ಕೂ ಚೆಂದ. ಎಷ್ಟು ಬೇಕು ಎಂದೆ. ಇಬ್ಬರು ವಾರಗಿತ್ತಿಯರು, ಮೂವರು ನಾದಿನಿಯರು, ಇಬ್ಬರು ತಂಗಿಯರು, ಒಬ್ಬ ಅತ್ತಿಗೆ, ಒಬ್ಬ ಬೀಗಿತ್ತಿ, ಪುರೋಹಿತರ ಹೆಂಡತಿ. ಹತ್ತು. ಬೇರೆ ಬೇರೆ ವಸ್ತು ತರಿಸೋಣ, ನೋಡೋಕೂ ಚೆನ್ನಾಗಿರುತ್ತೆ ಅಂದರೆ ಅಮ್ಮ ನನ್ನ ಕಡೆ ಹುಚ್ಚನನ್ನು ನೋಡುವಂತೆ ನೋಡಿದರು.

"ಒಬ್ಬಳಿಗೊಂದು ಒಬ್ಬಳಿಗೊಂದು ಕೊಟ್ಟು ನಾನು ಈ ಊರಲ್ಲಿ ಬದುಕಬೇಕಾ ಬೇಡ್ವಾ? ಎಲ್ಲಾ ಒಂದೇ ಥರ ಇರ್ಲಿ. ಹತ್ತು ಅಂದ್ರೆ ಸರಿಸಂಖ್ಯೆ ಆಯ್ತು, ಹನ್ನೊಂದು ಮಾಡು."

ಹನ್ನೊಂದು ಮಾಡಿದೆ. ಅಂಗಡಿಯವರ ಹತ್ತಿರ ಆರೇ ಇದ್ದವು, ಉಳಿದ ಐದು ಬರಲು ಹತ್ತು ದಿನ ಎಂದರು. ಗೋದಾಮಿನವರಿಗೆ, ಎಲ್ಲ ಬಂದ ಮೇಲೆ ಒಟ್ಟಿಗೆ ಕಳಿಸಿ ಎಂದು ನಾನು ಬರೆದೆ. ಭಾವನಾಳ ಕತ್ತರಿ ನಾಲ್ಕನೇ ತಾರೀಕಿಗೇ ಅಲ್ಲಿ ಬಂದು ಕೂತಿತ್ತು. ಈ ವಿಷಯ ಅವಳಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಜಗಳ, ಹೇಳದಿದ್ದರೆ ಹತ್ತು ದಿನ ಸುಖ ಎಂದು ಲೆಕ್ಕ ಹಾಕಿದೆ.

ಎಂಟನೇ ದಿನಕ್ಕೆ ಸುಖ ಮುಗಿಯಿತು. ಊಟಕ್ಕೆ ಕೂತಾಗ ಭಾವನಾ ಕತ್ತರಿ ಎಲ್ಲಿಗೆ ಬಂತು ಎಂದು ಕೇಳಿದಳು. ಬರ್ತಾ ಇದೆ ಎಂದೆ. ಅಪ್ಪನಿಗೆ ಸುಳ್ಳು ಆಗುವುದಿಲ್ಲ, ಅದು ಸ್ಟೋರ್ಸಿನ ಅಭ್ಯಾಸ.

"ಎಲ್ಲಿ ಬರ್ತಾ ಇದೆಯಮ್ಮ, ಅಲ್ಲೇ ಇದೆ. ಪೀಲರ್‌ಗಳು ಬರ್ಲಿ ಅಂತ ಇವನೇ ಹೋಲ್ಡ್ ಮಾಡ್ಸಿದಾನೆ," ಎಂದರು.

ಭಾವನಾ ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಎದ್ದು ಸಾರಿನ ಪಾತ್ರೆ ತಂದಳು.

ಇಲ್ಲಿ ನಮ್ಮ ಮನೆಯ ಒಂದು ಕಾನೂನನ್ನು ಹೇಳಬೇಕು. ಅಮ್ಮ ಕೆಟ್ಟವರಲ್ಲ. ಸೊಸೆ ಎಡಗೈಯಲ್ಲಿ ತರಕಾರಿ ಹೆಚ್ಚಿದರೆ, ಗುಡಿಸಿದರೆ ಅವರದ್ದು ತಕರಾರಿಲ್ಲ. ಆದರೆ ಬಡಿಸುವುದು ಮಾತ್ರ ಬಲಗೈಯಲ್ಲೇ ಆಗಬೇಕು. ಹಾಗಾಗಿ ಒಂಬತ್ತು ವರ್ಷದಿಂದ ಭಾವನಾ ಬಲಗೈಯಲ್ಲಿ ಬಡಿಸುತ್ತಾಳೆ, ಸಾರು ಅರ್ಧ ತಟ್ಟೆಗೆ, ಅರ್ಧ ನೆಲಕ್ಕೆ ಬೀಳುತ್ತದೆ. ಅಪ್ಪನಂತೂ ಸೌಟು ಹೋದ ಕಡೆಗೆ ತಟ್ಟೆ ಹಿಡಿಯುವುದರಲ್ಲಿ ಪಳಗಿಬಿಟ್ಟಿದ್ದಾರೆ.

ಅವತ್ತು ಅವಳು ಸೌಟನ್ನು ಎಡಗೈಗೆ ತೆಗೆದುಕೊಂಡಳು. ನಾಲ್ಕು ತಟ್ಟೆಗೂ ಬಡಿಸಿದಳು. ಒಂದು ತೊಟ್ಟು ಆಚೀಚೆ ಬೀಳಲಿಲ್ಲ. ಅಮ್ಮ ಕೈ ಹಿಂದಕ್ಕೆ ತೆಗೆದರು.

"ಎಡಗೈಲಿ ಬಡಿಸಿದ್ದನ್ನ ನಾನು ತಿನ್ನಲ್ಲ."

"ಶಾಂತಿಯ ಪೆಂಡಾಲಿಗೆ ಅಡ್ವಾನ್ಸ್ ಕೊಟ್ಟಿದ್ದು ಈ ಕೈ ದುಡಿದದ್ದೇ ಅತ್ತೆ. ಅದನ್ನೂ ವಾಪಸ್ ಕೊಟ್ಬಿಡಿ," ಎಂದಳು ಭಾವನಾ. ದನಿ ಏರಿಸಲಿಲ್ಲ.

"ನಾನೇನು ನನಗೋಸ್ಕರ ತರಿಸಿದ್ನಾ? ಮನೆ ಮರ್ಯಾದೆಗೆ ತರಿಸಿದ್ದು."

"ನಾನೂ ಮನೆಗೋಸ್ಕರಾನೇ ಕತ್ತರಿಸೋದು. ನನ್ನ ಕತ್ತರಿ ಕಾಯ್ಬೇಕು, ಚಿಕ್ಕಮ್ಮನ ಆಲೂಗಡ್ಡೆ ಕಾಯಬಾರ್ದು, ಅಲ್ವಾ?"

ಅಮ್ಮ ಎದ್ದು ಹೋದರು. ಭಾವನಾ ರೂಮಿಗೆ ಹೋದಳು. ನಾನು ತಟ್ಟೆ ನೋಡುತ್ತ ಕೂತೆ. ಅಪ್ಪ ಎರಡು ತುತ್ತು ಉಂಡು, ಸಾರು ಚೆನ್ನಾಗಿದೆ, ಪೂರ್ತಿ ಬಂದಿದೆ ಎಂದರು.

ಆಮೇಲಿನ ದಿನಗಳು ಯಾರಿಗೂ ಬೇಡ ಅನ್ನುತ್ತೇನೆ. ಅಡಿಗೆಮನೆ ಎರಡು ಪಾಳಿಯಲ್ಲಿ ನಡೆಯಿತು. ಬೆಳಗ್ಗೆ ಭಾವನಾ ಉಪ್ಪಿಟ್ಟು ಮಾಡಿಟ್ಟು ಕೆಲಸಕ್ಕೆ ಹೋಗುವಳು. ಅಮ್ಮ ಅದನ್ನು ಮುಟ್ಟದೆ ಅವಲಕ್ಕಿ ಕಲೆಸಿಕೊಳ್ಳುವರು. ಸಂಜೆ ಅಮ್ಮ ಹುಳಿ ಮಾಡಿದರೆ ಭಾವನಾ ಮೊಸರನ್ನ. ನಾನೂ ಅಪ್ಪನೂ ಎರಡೂ ಕಡೆಯದ್ದನ್ನು ತಿಂದು ಪಕ್ಷಾತೀತರೆಂದು ತೋರಿಸಬೇಕಾಗಿ, ಇಬ್ಬರಿಗೂ ಹೊಟ್ಟೆ ಕೆಟ್ಟಿತು. ನನ್ನೊಡನೆ ಭಾವನಾ ಆಡಿದ್ದು ಒಂದೇ ಮಾತು. ನೀವು ನನ್ನ ಕೇಳ್ಬಹುದಿತ್ತು ರೀ ಎಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಪೆಟ್ಟಿಗೆ ಅಂತೂ ಹತ್ತೊಂಬತ್ತಕ್ಕೆ ಬೆಂಗಳೂರಿಗೆ ಬಂದು ಇಳಿಯಿತು. ಇಳಿದಲ್ಲೇ ನಿಂತಿತು. ಕೊರಿಯರ್ ಕಂಪನಿಯ ವನಜಾ ಎಂಬಾಕೆ ಅಮ್ಮನ ನಂಬರಿಗೆ ಫೋನ್ ಮಾಡಿದರು. ಸ್ವಂತಕ್ಕೆ ಅಂತ ತರಿಸಿದ್ದರಲ್ಲಿ ಒಂದೇ ವಸ್ತು ಹನ್ನೊಂದು ಇದ್ದರೆ ಕಸ್ಟಮ್ಸಿನವರು ವ್ಯಾಪಾರ ಅನ್ನುತ್ತಾರಂತೆ. ವ್ಯಾಪಾರಕ್ಕಾದರೆ ಲೈಸೆನ್ಸ್ ಬೇಕು. ವ್ಯಾಪಾರ ಅಲ್ಲ ಎಂದಾದರೆ, ಯಾಕೆ ಅಲ್ಲ ಎಂದು ಪತ್ರ ಕೊಡಬೇಕು.

"ನಾನು ಪೀಲರ್ ಮಾರೋಳಾ?" ಎಂದು ಅಮ್ಮ ಫೋನಿನಲ್ಲೇ ಅತ್ತುಬಿಟ್ಟರು. ವನಜಾ ಒಳ್ಳೆಯ ಹೆಂಗಸು, ಸಮಾಧಾನ ಮಾಡಿದರು.

ಪತ್ರ ಎಂದ ಕೂಡಲೇ ಅಪ್ಪನ ಬೆನ್ನು ನೆಟ್ಟಗಾಯಿತು. ನಿವೃತ್ತಿಯಾದ ಹತ್ತು ವರ್ಷದಲ್ಲಿ ಅವರಿಗೆ ಇಂಥ ಕೆಲಸ ಸಿಕ್ಕಿರಲಿಲ್ಲ. ಬಿಳಿ ಹಾಳೆ ತೆಗೆದು, ಅಂಚು ಮಡಚಿ, "ವಿಷಯ: ಸಿಪ್ಪೆ ಹೆರೆಯುವ ಸಾಧನ, ಹನ್ನೊಂದು ನಗ, ಸ್ವಂತ ಉಪಯೋಗದ್ದೆಂಬ ಬಗ್ಗೆ" ಎಂದು ಬರೆದರು. ತಾಂಬೂಲದ ಪದ್ಧತಿಯನ್ನು ಒಂದು ಪುಟ ವಿವರಿಸಿದರು. ಆಮೇಲೆ ಪಡೆಯುವವರ ಪಟ್ಟಿ, ಸಂಬಂಧದ ಸಮೇತ. ಇಲ್ಲಿ ಅಮ್ಮನಿಗೂ ಅವರಿಗೂ ಹತ್ತಿಕೊಂಡಿತು. ಅಪ್ಪ ವಯಸ್ಸಿನ ಪ್ರಕಾರ ಬರೆಯಬೇಕು ಅಂದರು, ಅಮ್ಮ ಯಾವ ಪ್ರಕಾರವಾದರೂ ಸರಿ ವೇಣಿ ಒಂದನೇ ನಂಬರಿಗೆ ಬರಕೂಡದು ಅಂದರು. ಸೀನಿಯಾರಿಟಿ ಅಂದರೆ ಸೀನಿಯಾರಿಟಿ, ಅದನ್ನು ಮೀರಿದರೆ ಕೋರ್ಟಿಗೆ ಹೋಗ್ತಾರೆ ಎಂದು ಅಪ್ಪ. ಕೊನೆಗೆ ಅಕಾರಾದಿಯಲ್ಲಿ ಬರೆದರು. ಹನ್ನೊಂದನೆಯದು ಯಾರಿಗೆ ಎಂಬಲ್ಲಿ ಅಪ್ಪ ಅರ್ಧ ಗಂಟೆ ಪೆನ್ನು ಕಚ್ಚಿದರು. ಆಮೇಲೆ "ಶುಭಸಂಖ್ಯೆಯ ನಿಮಿತ್ತ" ಎಂದು ಬರೆದು, ಅಮ್ಮನಿಂದ ರುಜು ಹಾಕಿಸಿದರು. ಅದನ್ನು ಇಂಗ್ಲಿಷಿಗೆ ಮಾಡುವ ಕರ್ಮ ನನ್ನದಾಯಿತು.

ಎರಡು ದಿನ ಸದ್ದಿಲ್ಲ. ಇಪ್ಪತ್ತಮೂರಕ್ಕೆ, ನಾವು ನಾಲ್ವರೂ ಮನೆಯಲ್ಲಿದ್ದಾಗ, ವನಜಾ ಫೋನ್ ಬಂತು. ಅಮ್ಮ ಸ್ಪೀಕರಿಗೆ ಹಾಕಿದರು.

"ಮೇಡಂ, ಪತ್ರ ಬಂತು. ಚೆನ್ನಾಗಿದೆ, ನಮ್ಮ ಆಫೀಸಲ್ಲಿ ಎಲ್ರೂ ಓದಿದ್ವಿ. ನಮ್ಮನೇಲೂ ಹಂಗೇ, ಒಬ್ರಿಗೆ ಕೊಟ್ರೆ ಎಲ್ರಿಗೂ ಕೊಡ್ಬೇಕು. ಒಂದು ಡೌಟು ಕೇಳ್ತಿದಾರೆ."

"ಕೇಳಮ್ಮ."

"ಲಿಸ್ಟಲ್ಲಿ ಇರೋರೆಲ್ಲ ಎಡಚರಾ ಅಂತ."

"ಏನಂತೆ?"

"ಬಿಲ್ಲಲ್ಲಿ ಎಡಗೈಯವರ ಪೀಲರ್ ಅಂತ ಇದೆ ಮೇಡಂ. ಹನ್ನೊಂದೂ ಅದೇ. ಒಂದೇ ಕುಟುಂಬದಲ್ಲಿ ಇಷ್ಟು ಜನ ಎಡಚರು ಹೆಂಗೆ, ಮಾರೋಕೇ ತರಿಸಿರ್ಬೇಕು ಅಂತಿದಾರೆ ಸಾಹೇಬ್ರು."

ಆ ಅಂಗಡಿಯವರು ಮಾರುವುದೇ ಎಡಗೈಯವರ ಸಾಮಾನು. ಕತ್ತರಿ, ಪೀಲರ್, ಅಳತೆಪಟ್ಟಿ, ಎಲ್ಲವೂ. ಅಂಗಡಿಯ ಹೆಸರಿನಲ್ಲೇ ಅದು ಇತ್ತು. ನಾನು ಓದಿರಲಿಲ್ಲ. ಮೂರು ಜೋಡಿ ಕಣ್ಣು ನನ್ನ ಮೇಲೆ ಬಿದ್ದವು. ನಾನು ಚಾವಣಿಯ ಫ್ಯಾನು ನೋಡಿದೆ.

ಮೊದಲು ನಕ್ಕವಳು ಭಾವನಾ. ಹತ್ತು ಹನ್ನೆರಡು ದಿನದಿಂದ ಬಿಗಿದಿದ್ದ ಬಾಯಿ ಬಿಚ್ಚಿಕೊಂಡು, ಗೋಡೆ ಹಿಡಿದುಕೊಂಡು ನಕ್ಕಳು. ಚಿಕ್ಕಮ್ಮನೂ ಎಡಚಿ, ಪುರೋಹಿತರ ಹೆಂಡತಿಯೂ ಎಡಚಿ, ನಮ್ಮಮ್ಮನೂ ಎಡಚಿ ಎಂದು ಬೆರಳು ಮಡಚಿ ಎಣಿಸುತ್ತ ನಕ್ಕಳು. ನಗುನಗುತ್ತಲೇ ಅಳು ಬಂತು. ಕಣ್ಣೊರೆಸಿಕೊಂಡು ಒಳಗೆ ಹೋದಳು. ಅಮ್ಮನ ಮುಖ ಕಪ್ಪಿಟ್ಟಿತ್ತು. ಹತ್ತು ಜನ ಮುತ್ತೈದೆಯರ ಎಡಗೈಗೆ ಕೊಡುವಂಥದ್ದನ್ನು ಅವರು ಶಾಂತಿಯ ತಾಂಬೂಲಕ್ಕೆ ತರಿಸಿದ್ದರು.

ಹಾಗಾದರೆ ಈಗೇನು ದಾರಿ ಎಂದು ಅಪ್ಪ ಕೇಳಿದರು. ವನಜಾ ಎರಡು ಹೇಳಿದರು. ಒಂದು, ಪತ್ರ ವ್ಯವಹಾರ ಮುಂದುವರಿಸಬಹುದು, ಎರಡು ಮೂರು ವಾರ ಹಿಡಿಯುತ್ತದೆ. ಇನ್ನೊಂದು, ಪೀಲರ್‌ಗಳು ನಮಗೆ ಬೇಡ, ಬಿಟ್ಟುಕೊಡುತ್ತೇವೆ ಎಂದು ಪೆಟ್ಟಿಗೆಯ ಒಡತಿ ಬರೆದುಕೊಟ್ಟರೆ, ಕತ್ತರಿಯನ್ನು ಬೇಗ ಬಿಡಿಸಬಹುದು. ಅಮ್ಮ ಯೋಚಿಸಿ ಹೇಳುತ್ತೇನೆ ಎಂದು ಫೋನ್ ಇಟ್ಟರು.

ಅವರೇನು ಯೋಚಿಸಿದರೆಂದು ನನಗೆ ಗೊತ್ತಿಲ್ಲ. ಎಡಗೈದಾದರೇನು, ಫಾರಿನ್ ಫಾರಿನ್ನೇ, ವೇಣಿಗೆ ಗೊತ್ತಾಗಲ್ಲ ಎಂದು ಒಮ್ಮೆ ಗೊಣಗಿದರು. ಕೇಳಲು ನನಗೆ ಧೈರ್ಯ ಬರಲಿಲ್ಲ. ಭಾವನಾ ಕೇಳಲೂ ಇಲ್ಲ. ಅವಳು ಕಾರ್ಖಾನೆಯಿಂದ ಸ್ಯಾಟಿನ್ ತುಂಡುಗಳನ್ನು ತಂದು, ಹಳೆಯ ಕತ್ತರಿಯಲ್ಲಿ ಊಟದ ಮೇಜಿನ ಮೇಲೆ ಅಭ್ಯಾಸಕ್ಕೆ ಕೂತಳು. ಕತ್ತರಿಸಿದಳು, ನೋಡಿದಳು, ಮುದುಡಿ ಚೀಲಕ್ಕೆ ಹಾಕಿದಳು. ಇನ್ನೊಂದು ತುಂಡು ತೆಗೆದಳು. ಆಣಿ ಒಡೆದು ರಕ್ತ ಬಂದಾಗ ಅರಿಶಿನ ಮೆತ್ತಿ, ಬಟ್ಟೆ ಸುತ್ತಿಕೊಂಡು ಮತ್ತೆ ಕತ್ತರಿಸಿದಳು.

ಇಪ್ಪತ್ತೈದರ ಬೆಳಗ್ಗೆ ಅವಳು ಕೆಲಸಕ್ಕೆ ಹೋದ ಮೇಲೆ ಅಮ್ಮ ಆ ಚೀಲವನ್ನು ಮೇಜಿನ ಮೇಲೆ ಸುರಿದರು. ತುಂಡುಗಳ ಅಂಚೆಲ್ಲ ಇಲಿ ಕಚ್ಚಿದ ಹಾಗಿತ್ತು. ಒಂದು ತುಂಡಿನ ಮೇಲೆ ಅರಿಶಿನದ ಕಲೆ. ಅಮ್ಮ ಮನೆಯ ಕತ್ತರಿ ತೆಗೆದು ಎಡಗೈಗೆ ಹಾಕಿಕೊಂಡು ಒಂದು ತುಂಡನ್ನು ಕತ್ತರಿಸಲು ನೋಡಿದರು. ಬಟ್ಟೆ ನಡುವೆ ಮಡಚಿಕೊಂಡಿತು. ಇನ್ನೊಮ್ಮೆ ನೋಡಿದರು. ಆಮೇಲೆ ಕತ್ತರಿ ಕೆಳಗಿಟ್ಟು ನನ್ನ ಹತ್ತಿರ ಬಂದರು.

"ಎಂಟು ವರ್ಷದಿಂದ ಇದರಲ್ಲೇ ಮಾಡ್ತಿದಾಳೇನೋ?"

"ಹೂಂ."

"ನೀನು ಒಂದು ದಿನಾನಾದ್ರೂ ಹೇಳಿದ್ಯಾ ನಂಗೆ? ಬರೀ ಖಾಲಿ ಜಾಗದ ಸುದ್ದಿ ಹೇಳೋಕೆ ಬರುತ್ತೆ ನಿಂಗೆ. ಆ ವನಜಾಗೆ ಫೋನ್ ಮಾಡು."

ವನಜಾ ಹೇಳಿದ್ದು, ಮೇಲ್ ಮಾಡಿದರೆ ಎರಡು ದಿನ ಆಗುತ್ತದೆ. ಒಡತಿಯೇ ಗುರುತಿನ ಚೀಟಿ ತಂದು ನಾಳೆ ಹತ್ತು ಗಂಟೆಗೆ ಕಚೇರಿಯಲ್ಲಿ ರುಜು ಹಾಕಿದರೆ, ಹನ್ನೆರಡರೊಳಗೆ ಕೈಗೆ ಸಿಗುವ ಹಾಗೆ ತಾನು ಓಡಾಡಿ ನೋಡುತ್ತೇನೆ ಎಂದು. ಭಾವನಾಗೆ ಹೇಳಬೇಡ ಎಂದರು ಅಮ್ಮ. ಸಿಗದೆ ಹೋದರೆ ಪಾಪ, ಆಸೆ ಹುಟ್ಟಿಸಿದ ಹಾಗಾಗುತ್ತದೆ ಎಂದು. ಸೊಸೆಯ ಬಗ್ಗೆ ಪಾಪ ಎಂದದ್ದು ಆ ತಿಂಗಳಲ್ಲಿ ಅದೇ ಮೊದಲು.

ಮರುದಿನ ನಾನು ರಜೆ ಹಾಕಿದೆ. ಮೂವರೂ ಕ್ಯಾಬ್‌ನಲ್ಲಿ ಏರ್‌ಪೋರ್ಟ್ ಕಡೆಯ ಕಾರ್ಗೋ ಕಚೇರಿಗೆ ಹೋದೆವು. ಅಪ್ಪ ಫೈಲು ಹಿಡಿದಿದ್ದರು, ಅಮ್ಮ ರೇಷ್ಮೆ ಸೀರೆ ಉಟ್ಟಿದ್ದರು. ತೆರಿಗೆ ಕಟ್ಟಿದೆವು. ವನಜಾ ಕಾಗದ ಮುಂದಿಟ್ಟು, ಒಂದು ಪೀಲರ್ ಇಟ್ಕೊಬಹುದು ಅಮ್ಮ, ಒಂದಕ್ಕೆ ಅವರದ್ದೇನೂ ತಕರಾರಿಲ್ಲ ಎಂದರು.

"ಬೇಡಮ್ಮ. ಒಂದು ತಗೊಂಡು ಹೋದ್ರೆ ಅದು ಯಾರಿಗೆ ಅಂತ ನಾನು ಇನ್ನೊಂದು ಪತ್ರ ಬರೀಬೇಕು," ಎಂದು ಅಮ್ಮ ರುಜು ಹಾಕಿದರು. ಹಾಕಿದ ಮೇಲೆ ಗಾಜಿನಾಚೆಯ ಪೆಟ್ಟಿಗೆಯನ್ನು ಒಂದು ನಿಮಿಷ ನೋಡಿದರು. ಆಸೆಪಟ್ಟು ತರಿಸಿದ್ದು, ಬೇಜಾರಾಗದೆ ಇರುತ್ತದೆಯೇ.

ಕತ್ತರಿ ಕೈಗೆ ಬಂದಾಗ ಹನ್ನೆರಡೂವರೆ. ಹೆಬ್ಬಾಳದಲ್ಲಿ ನಲವತ್ತು ನಿಮಿಷ ನಿಂತೆವು. ಗೊರಗುಂಟೆಪಾಳ್ಯದಲ್ಲಿ ಇಳಿದು ಓಡಿಬಿಡೋಣ ಎಂದು ಅಮ್ಮ ಹಟ ಹಿಡಿದರು, ಎಪ್ಪತ್ತು ವರ್ಷದ ಗಂಡನನ್ನು ಕಟ್ಟಿಕೊಂಡು. ಕಾರ್ಖಾನೆಯ ಗೇಟು ಮುಟ್ಟಿದಾಗ ಎರಡಕ್ಕೆ ಹತ್ತು ನಿಮಿಷ. ನಾನು ಫೋನ್ ಮಾಡಿದೆ. ಭಾವನಾ ನಂಬದೆ ಬಂದಳು, ಗೇಟಿನ ಒಳಗೆ ನಿಂತಳು.

ಸೆಕ್ಯೂರಿಟಿಯ ಮುನಿಕೃಷ್ಣ ಪೆಟ್ಟಿಗೆ ತೆರೆದು ನೋಡಿ ತಲೆಯಾಡಿಸಿದ. ಹರಿತದ ಸಾಮಾನು ಒಳಗೆ ಹೋಗಬೇ‌ಕಾದರೆ ರಿಜಿಸ್ಟರಿನಲ್ಲಿ ಬರೆದು, ಸ್ಟೋರ್ಸಿನ ಸಹಿ ಆಗಬೇಕು. ನಾನು ಕೈಮುಗಿಯುವಷ್ಟರಲ್ಲಿ ಅಪ್ಪ ನನ್ನನ್ನು ಪಕ್ಕಕ್ಕೆ ಸರಿಸಿದರು.

"ಸರಿಯಾಗಿ ಹೇಳಿದ್ಯಪ್ಪ. ವಾಪಸ್ ಒಯ್ಯೋ ಸಾಮಾನಿಗೆ ರಿಟರ್ನಬಲ್ ಕಾಲಂ ಇರುತ್ತಲ್ಲ, ಕೊಡು ಇಲ್ಲಿ," ಎಂದು ರಿಜಿಸ್ಟರು ಎಳೆದುಕೊಂಡು ಮುತ್ತಿನಂಥ ಅಕ್ಷರದಲ್ಲಿ ಬರೆಯತೊಡಗಿದರು. ಕತ್ತರಿ, ಟೈಲರಿಂಗ್, ಎಡಗೈ, ಹತ್ತು ಇಂಚು, ಒಂದು ನಗ. ಮುನಿಕೃಷ್ಣ ಅದನ್ನು ಓದುತ್ತ, ಸಾರ್ ನೀವು ಯಾವ ಫ್ಯಾಕ್ಟ್ರಿ ಎಂದು ಕೇಳಿದ. ಅಪ್ಪ ಹೇಳಿದರು. ಅವನ ಮಾವನೂ ಅಲ್ಲೇ ಇದ್ದವರಂತೆ. ಯಾವ ಸೆಕ್ಷನ್ ಎಂದು ಅಪ್ಪ. ಗೋಡೆಯ ಗಡಿಯಾರದಲ್ಲಿ ಎರಡಕ್ಕೆ ನಾಲ್ಕು ನಿಮಿಷ.

ಅಮ್ಮ ಪೆಟ್ಟಿಗೆಯಿಂದ ಕತ್ತರಿ ತೆಗೆದರು. ಗೇಟಿನ ಸರಳುಗಳ ನಡುವೆ ಕೈ ತೂರಿಸಿದರು. ಭಾವನಾ ಬಲಗೈ ಚಾಚಿ ಹಿಂಜರಿದಳು. ನಮ್ಮಲ್ಲಿ ಕತ್ತರಿಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೆಳಗಿಟ್ಟು ತೆಗೆದುಕೊಳ್ಳಬೇಕು.

"ಕೆಳಗಿಡಿ ಅತ್ತೆ. ಕೈಗೆ ಕೊಟ್ರೆ ಜಗಳ ಬರುತ್ತಂತೆ."

"ಇಷ್ಟು ದಿನ ಕೈಗೆ ಕೊಟ್ಟೇ ಬಂತಾ? ಹಿಡ್ಕೊಳೇ. ಆ ಕೈಲಲ್ಲ, ನಿನ್ನ ಕೈಲಿ."

ಅವಳು ಎಡಗೈ ಚಾಚಿದಳು. ಹೆಬ್ಬೆರಳ ಬಟ್ಟೆಯನ್ನು ಅಮ್ಮ ಬೆರಳಿಂದ ಒಮ್ಮೆ ಮುಟ್ಟಿ, ಕತ್ತರಿಯನ್ನು ಅಂಗೈಗೆ ಕೂರಿಸಿದರು. ಭಾವನಾ ಗಾಳಿಯಲ್ಲೇ ಎರಡು ಸಲ ಕತ್ತರಿಸಿ ನೋಡಿದಳು. ಆಮೇಲೆ ಒಳಗೆ ಓಡಿದಳು. ಹೊರಗೆ ಅಪ್ಪ ಇನ್ನೂ ಬರೆಯುತ್ತಿದ್ದರು.

ಒಳಗೆ ನಡೆದದ್ದನ್ನು ರಾಮಾಂಜಿನಪ್ಪನವರು ನನಗೆ ಆಮೇಲೆ ಹೇಳಿದರು. ತಿರುಪ್ಪೂರಿನವನು ಬೇಗ ಮುಗಿಸಿದನಂತೆ, ಕೈ ಚುರುಕು. ಭಾವನಾ ಮೊದಲ ಹತ್ತು ನಿಮಿಷ ಬಹಳ ನಿಧಾನ, ಹೊಸ ಕತ್ತರಿಯಲ್ಲವೇ. ಮ್ಯಾನೇಜರ್ ಗಡಿಯಾರ ನೋಡತೊಡಗಿದ್ದರು. ಆಮೇಲೆ ಅವಳ ಕೈ ಕೂತಿತು. "ಆವಯ್ಯನೂ ಸಕ್ಕತ್ತಾಗೇ ಕತ್ರಿಸ್ದ ಸಾರ್, ಸುಳ್ಳು ಯಾಕೇಳ್ಲಿ. ಆದ್ರೆ ಇವ್ರ ತುಂಡುಗುಳ್ನ ಒಂದ್ರ ಮೇಲೊಂದು ಇಟ್ರೆ ಅಂಚೇ ಕಾಣಾಕಿಲ್ಲ," ಎಂದರು. ಸಂಜೆ ಐದಕ್ಕೆ ಅವರ ಮೇಜಿನ ಕೀಲಿ ಭಾವನಾಗೆ ಬಂತು.

ಅವಳು ಮೊದಲು ಫೋನ್ ಮಾಡಿದ್ದು ನನಗಲ್ಲ, ಅಮ್ಮನಿಗೆ. ಅಷ್ಟಕ್ಕೆ ನಾನು ಅರ್ಹನೇ.

ಮೂವತ್ತರಂದು ಶಾಂತಿ ನಡೆಯಿತು. ತಾಂಬೂಲಕ್ಕೆ ತೆಂಗಿನಕಾಯಿ, ರವಿಕೆ ಕಣ, ಮಲ್ಲೇಶ್ವರದಿಂದ ತಂದ ಸ್ಟೀಲ್ ಡಬ್ಬಿ. ಹನ್ನೊಂದೂ ಒಂದೇ ಥರದ್ದು. ಭಾವನಾ ಪಂಕ್ತಿಯಲ್ಲಿ ಪಾಯಸ ಬಡಿಸುತ್ತಿದ್ದಳು. ಯಾವ ಕೈಯಲ್ಲಿ ಎಂದು ನಾನು ನೋಡಲು ಹೋಗಲಿಲ್ಲ, ಹೆಂಗಸರ ವಿಷಯಕ್ಕೆ ತಲೆಹಾಕುವುದನ್ನು ಬಿಟ್ಟಿದ್ದೇನೆ. ವೇಣಿ ಚಿಕ್ಕಮ್ಮ ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿ, ಮತ್ತೆ ಮುಚ್ಚಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದರು.

"ಇದೇನಕ್ಕ, ಅಮೆರಿಕದಿಂದ ಪೆಟ್ಟಿಗೆ ಬರುತ್ತೆ, ಎಲ್ರಿಗೂ ಏನೋ ಇದೆ ಅಂತಿದ್ರಿ. ಬರ್ಲೇ ಇಲ್ವಾ?"

ಸುತ್ತ ಕೂತಿದ್ದ ಹತ್ತೂ ಜನ ಅಮ್ಮನ ಕಡೆ ತಿರುಗಿದರು. ಅಮ್ಮ ಕುಂಕುಮದ ಬಟ್ಟಲನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡರು.

"ಬಂತಲ್ಲ. ಒಂದೇ ಒಂದು ಬಂತು," ಎಂದರು. "ಅದು ನನ್ನ ಸೊಸೇದು."